ಸ್ಟೇರಿಂಗ್ ವೀಲ್ ಬಿಚ್ಚೋಕೆ ಸುತ್ತಿಗೆ ಬೇಡ: ಬೇಕಾದ ಟೂಲ್ ಯಾವುದು, ಏರ್‌ಬ್ಯಾಗ್ ಇದ್ರೆ ಏನು ಮಾಡಬೇಕು?

ಇಂಡಿಕೇಟರ್ ಸ್ವಿಚ್ ಕೆಟ್ಟಿದೆ ಅಂತ ಗ್ಯಾರೇಜಿಗೆ ಬಿಟ್ಟ ಕಾರು ಮೂರು ದಿನ ಆದ್ರೂ ಈಚೆ ಬರಲ್ಲ. ಕೇಳಿದ್ರೆ 'ಸ್ಟೇರಿಂಗ್ ಬಿಚ್ಚೋಕೆ ಬರ್ತಿಲ್ಲ' ಅನ್ನೋ ಉತ್ತರ. ಸಂತೆಗೆ ತರಕಾರಿ, ಅಂಗಡಿಗೆ ಸಾಮಾನು ಹೊರುವ ಹಳೇ ಓಮ್ನಿ, ಮಾರುತಿ 800 ಇಟ್ಟುಕೊಂಡವರಿಗೆ ಇದು ಹೊಸದೇನಲ್ಲ. ಮಾರುತಿ 800 ತಯಾರಿಕೆ 2014ರಲ್ಲಿ, ಓಮ್ನಿ 2019ರಲ್ಲಿ ನಿಂತರೂ ತಾಲ್ಲೂಕು ರಸ್ತೆಗಳಲ್ಲಿ ಇವು ಇನ್ನೂ ಓಡುತ್ತಿವೆ. ಇವುಗಳಲ್ಲಿ ಇಂಡಿಕೇಟರ್, ಲೈಟಿನ ಸ್ವಿಚ್ ಬದಲಿಸಬೇಕಾದರೆ ಸ್ಟೇರಿಂಗ್ ವೀಲ್ ಬಿಚ್ಚಲೇಬೇಕು.

ನಟ್ ತೆಗೆದ್ರೂ ಯಾಕೆ ಬರಲ್ಲ?

ಸ್ಟೇರಿಂಗ್ ರಾಡಿನ ತುದಿಯಲ್ಲಿ ಸಣ್ಣ ಸಣ್ಣ ಹಲ್ಲುಗಳಿರುತ್ತವೆ. ಇದಕ್ಕೆ ಸ್ಪ್ಲೈನ್ ಅಂತಾರೆ. ವೀಲ್ ಈ ಹಲ್ಲುಗಳ ಮೇಲೆ ಬಿಗಿಯಾಗಿ ಕೂತಿರುತ್ತದೆ. ವರ್ಷಗಟ್ಟಲೆ ಬಿಚ್ಚದಿದ್ದರೆ ತುಕ್ಕೂ ಸೇರಿ ಕಚ್ಚಿಕೊಳ್ಳುತ್ತದೆ. ಆಗ ಕೈಯಲ್ಲಿ ಎಳೆದರೆ ಅಲುಗಾಡಲ್ಲ.

ಕೆಲವರು ರಾಡಿನ ತುದಿಗೆ ಸುತ್ತಿಗೆಯಲ್ಲಿ ಹೊಡೀತಾರೆ. ಇದು ತಪ್ಪು. ಅಪಘಾತದಲ್ಲಿ ಚಾಲಕನ ಎದೆಗೆ ರಾಡ್ ಚುಚ್ಚಬಾರದು ಅಂತ ಹೆಚ್ಚಿನ ಕಾರುಗಳ ಸ್ಟೇರಿಂಗ್ ಕಾಲಮ್ಮನ್ನು ಒಳಕ್ಕೆ ಕುಸಿಯುವಂತೆ ಮಾಡಿರುತ್ತಾರೆ. ಸುತ್ತಿಗೆ ಏಟಿಗೆ ಆ ಭಾಗವೇ ಹಾಳಾಗಬಹುದು, ಥ್ರೆಡ್ಡೂ ಹೋಗಬಹುದು. ನೂರಿನ್ನೂರರ ಕೆಲಸ ಸಾವಿರಾರು ರೂಪಾಯಿಗೆ ಹೋಗೋದು ಹೀಗೆ.

ಬೇಕಾದ ಟೂಲ್‌ಗಳು

* ಬಾಕ್ಸ್ ಸ್ಪ್ಯಾನರ್: ಹಲವು ಕಾರುಗಳಲ್ಲಿ 17 ಅಥವಾ 19 ಎಂ.ಎಂ. ನಟ್ ಇರುತ್ತದೆ. ಅಳತೆ ನೋಡಿಯೇ ಹಾಕಿ.
* ಸ್ಟೇರಿಂಗ್ ವೀಲ್ ಪುಲ್ಲರ್: ಒಂದು ಅಡ್ಡ ಪಟ್ಟಿ, ಎರಡು ಪಕ್ಕದ ಬೋಲ್ಟ್, ನಡುವೆ ಒಂದು ದೊಡ್ಡ ಬೋಲ್ಟ್. ಇಷ್ಟೇ.
* ಮಾರ್ಕರ್ ಅಥವಾ ಚೂಪಾದ ಮೊಳೆ: ಗುರುತು ಹಾಕಲು.
* ಟಾರ್ಕ್ ರೆಂಚ್: ವಾಪಸ್ ಬಿಗಿ ಮಾಡಲು.

ಮೂರು ಕಾಲಿನ ಬೇರಿಂಗ್ ಪುಲ್ಲರ್ ಹಾಕಿ ವೀಲಿನ ಕಡ್ಡಿ ಹಿಡಿದು ಎಳೆದರೆ ವೀಲೇ ಸೊಟ್ಟ ಆಗುತ್ತದೆ. ಹಲವು ಕಾರುಗಳಲ್ಲಿ ನಟ್‌ನ ಅಕ್ಕಪಕ್ಕ ಥ್ರೆಡ್ ಇರುವ ಎರಡು ತೂತು ಇರುತ್ತವೆ. ಪುಲ್ಲರ್ ಬೋಲ್ಟ್ ಕೂರಬೇಕಾದ ಜಾಗ ಅದೇ. ಬೋಲ್ಟ್ ಕೊಳ್ಳುವಾಗ ಆ ತೂತಿನ ಥ್ರೆಡ್‌ಗೆ ಹೊಂದಬೇಕು. ತೀರಾ ಉದ್ದ ಇದ್ದರೆ ಹಿಂದಿನ ಸ್ವಿಚ್‌ಗೆ ತಾಗುತ್ತದೆ. ಊರಿನ ಟೂಲ್ಸ್ ಅಂಗಡಿಯಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ ಕಡೆ ಹೋಗುವವರ ಕೈಲಿ ತರಿಸಬಹುದು.

ಬಿಚ್ಚುವ ಕ್ರಮ

ಮುಂದಿನ ಚಕ್ರ ನೇರ ಇರಲಿ. ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ. ಹಾರ್ನ್ ಪ್ಯಾಡ್ ಬಿಚ್ಚಿ ನಟ್ ಸಡಿಲಿಸಿ. ಆಗ ವೀಲನ್ನು ಕೈಯಲ್ಲೇ ಹಿಡಿದುಕೊಳ್ಳಿ, ಸ್ಟೇರಿಂಗ್ ಲಾಕ್ ಮೇಲೆ ಭಾರ ಬಿಟ್ಟರೆ ಲಾಕ್ ಮುರಿಯುತ್ತದೆ. ರಾಡಿಗೂ ವೀಲಿಗೂ ಸೇರಿಸಿ ಒಂದು ಗೆರೆ ಎಳೆಯಿರಿ.

ನಟ್ ಪೂರ್ತಿ ತೆಗೆಯಬೇಡಿ, ಎರಡು ಮೂರು ಸುತ್ತು ಉಳಿಸಿ. ಇಲ್ಲದಿದ್ದರೆ ವೀಲ್ ಒಮ್ಮೆಲೇ ಕಿತ್ತು ಮುಖಕ್ಕೆ ಬಡಿಯುತ್ತದೆ. ಆಮೇಲೆ ಪುಲ್ಲರ್‌ನ ನಡುವಿನ ಬೋಲ್ಟನ್ನು ನಿಧಾನಕ್ಕೆ ತಿರುಗಿಸಿ. 'ಟಕ್' ಅಂದರೆ ಬಿಟ್ಟುಕೊಂಡಿತು ಅಂತಲೇ ಅರ್ಥ. ವಾಪಸ್ ಹಾಕುವಾಗ ಗೆರೆಗೆ ಗೆರೆ ಸೇರಿಸಿ, ಆ ಕಾರಿನ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟೇ ಟಾರ್ಕ್‌ಗೆ ಬಿಗಿ ಮಾಡಿ.

ಏರ್‌ಬ್ಯಾಗ್ ಇದ್ದರೆ ಹುಷಾರು

2019ರ ಜುಲೈ 1ರಿಂದ ತಯಾರಾದ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್ ಕಡ್ಡಾಯ. ಅದು ಕೂತಿರೋದು ಸ್ಟೇರಿಂಗ್ ಒಳಗೇ. ಬ್ಯಾಟರಿ ತೆಗೆದ ಮೇಲೂ ಸ್ವಲ್ಪ ಹೊತ್ತು ಅದರ ಸರ್ಕ್ಯೂಟ್‌ನಲ್ಲಿ ಕರೆಂಟ್ ಉಳಿದಿರುತ್ತದೆ. ಎಷ್ಟು ಹೊತ್ತು ಕಾಯಬೇಕು ಅನ್ನೋದು ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಅದರ ವೈರಿಗೆ ಟೆಸ್ಟ್ ಲ್ಯಾಂಪ್, ಮೀಟರ್ ಹಚ್ಚಬೇಡಿ. ಬಿಚ್ಚಿದ ಏರ್‌ಬ್ಯಾಗನ್ನು ಮುಖ ಮೇಲೆ ಮಾಡಿ ಇಡಬೇಕು, ಕವುಚಿ ಇಟ್ಟಾಗ ಸಿಡಿದರೆ ಆ ತುಂಡು ರಾಕೆಟ್‌ನಂತೆ ಹಾರುತ್ತದೆ.

ಇದರ ಹಿಂದೆಯೇ ಸುರುಳಿಯಾಕಾರದ ಕ್ಲಾಕ್ ಸ್ಪ್ರಿಂಗ್ ಕೇಬಲ್ ಇರುತ್ತದೆ. ವೀಲ್ ತೆಗೆದ ಮೇಲೆ ಅದು ತಿರುಗದಂತೆ ಟೇಪ್ ಹಾಕಿ. ನಡುಮಧ್ಯ ತಪ್ಪಿ ಕೂತರೆ ಮುಂದೆ ತಿರುವಿನಲ್ಲಿ ಕೇಬಲ್ ಕಿತ್ತು ಹಾರ್ನ್, ಏರ್‌ಬ್ಯಾಗ್ ಎರಡೂ ಸತ್ತುಹೋಗುತ್ತವೆ.

ಏರ್‌ಬ್ಯಾಗ್ ಇರುವ ಕಾರಿನ ಈ ಕೆಲಸ ಮನೆ ಮುಂದೆ ಮಾಡುವಂಥದ್ದಲ್ಲ, ಗೊತ್ತಿರುವ ಮೆಕ್ಯಾನಿಕ್‌ಗೇ ಕೊಡಿ. ಹಳೇ ಗಾಡಿ ಆದರೂ ಗ್ಯಾರೇಜಿಗೆ ಬಿಡುವ ಮುಂಚೆ 'ಪುಲ್ಲರ್ ಇದೆಯಾ?' ಅಂತ ಒಂದು ಮಾತು ಕೇಳಿಬಿಡಿ.