ಮೇಜಿನ ಮೇಲಣ ಕಾಳಗವೂ ಮಕ್ಕಳ ಯುಕ್ತಿಯೂ

ಮಳೆಗಾಲದ ರವಿವಾರಗಳಲ್ಲಿ ಮಕ್ಕಳನ್ನು ಮನೆಯೊಳಗೆ ಹೇಗೆ ಹಿಡಿದಿಡಬೇಕೆಂಬ ಪ್ರಶ್ನೆಯು ಬೆಳಗಾವಿಯ ಗೃಹಸ್ಥರಿಗೆ ಹೊಸದಲ್ಲ. ಖಾನಾಪುರದ ಕಡೆಯವರಿಗಂತೂ ಆಷಾಢ ಶ್ರಾವಣಗಳಲ್ಲಿ ಅಂಗಳಕ್ಕಿಳಿಯುವದೇ ದುರ್ಲಭ. ಈ ಕೆಲವು ವರ್ಷಗಳಿಂದ ಪುಣೆ ಬೆಂಗಳೂರುಗಳಲ್ಲಿ ಓದುವ ತರುಣರು ಊರಿಗೆ ಬರುವಾಗ ಒಂದು ಹೊಸ ಬಗೆಯ ಆಟವನ್ನು ಹೊತ್ತು ತರುತ್ತಿರುವರು. ಅದು ನಮ್ಮ ಮನೆಯನ್ನೂ ಹೊಕ್ಕಿದೆ. ಖಾನಾಪುರದಲ್ಲಿರುವ ನಮ್ಮ ಬೀಗರ ಮನೆಯನ್ನೂ ಬಿಟ್ಟಿಲ್ಲ. ಹಿರಿಯರು ಇದನ್ನು ನೋಡಿ ಹುಬ್ಬು ಗಂಟಿಕ್ಕುವದಕ್ಕಿಂತ, ಒಂದು ಸಲ ಹತ್ತಿರ ಕುಳಿತು ನೋಡುವದು ಒಳ್ಳೆಯದೆಂದು ನಮ್ಮ ಮತ.

ಆಟದ ಕ್ರಮವಿಷ್ಟೇ. ನಾಲ್ಕೈದು ಜನರು ಮೇಜಿನ ಸುತ್ತಲೂ ಕೂಡ್ರುವರು. ಒಬ್ಬನು ಸೂತ್ರಧಾರ, ಉಳಿದವರು ಒಂದೊಂದು ಪಾತ್ರವನ್ನು ವಹಿಸಿಕೊಳ್ಳುವರು: ಒಬ್ಬನು ಕತ್ತಿಯ ಆಳು, ಒಬ್ಬಳು ಮದ್ದು ಬಲ್ಲವಳು, ಮತ್ತೊಬ್ಬನು ಕಾಡಿನ ದಾರಿ ಬಲ್ಲ ಗೌಳಿ. ಸೂತ್ರಧಾರನು ಸನ್ನಿವೇಶವನ್ನು ವರ್ಣಿಸುವನು. ಪಾತ್ರಧಾರಿಗಳು ತಾವು ಮಾಡುವದನ್ನು ಬಾಯಿಂದ ಹೇಳುವರು. ಅದು ಕೈಗೂಡುವದೋ ಇಲ್ಲವೋ ಎಂಬ ಸಂಶಯ ಬಂದಲ್ಲಿ ಇಪ್ಪತ್ತು ಮುಖದ ದಾಳವು ತೀರ್ಪು ಕೊಡುವದು. ವೇಷವಿಲ್ಲ, ರಂಗಸ್ಥಳವಿಲ್ಲ. ನಮ್ಮ ದೊಡ್ಡಾಟದ ಭಾಗವತನನ್ನು ಪಗಡೆಯ ಹಾಸಿನ ಬದಿಗೆ ಕೂಡ್ರಿಸಿದರೆ ಏನಾಗಬಹುದೋ ಅದೇ ಇದು.

ಇದರ ವಂಶಾವಳಿಯೂ ವಿನೋದಕರವಾಗಿದೆ. ೧೮೨೪ನೆಯ ಇಸವಿಯಲ್ಲಿ ಪ್ರಶ್ಯಾ ದೇಶದ ರೈಸ್ವಿಟ್ಸ್ ಎಂಬ ತೋಪಖಾನೆಯ ಅಧಿಕಾರಿಯು ಸೈನ್ಯಾಧಿಕಾರಿಗಳ ಶಿಕ್ಷಣಕ್ಕೆಂದು ನಕಾಶೆಯ ಮೇಲೆ ಆಡುವ ಯುದ್ಧದಾಟವನ್ನು ಪ್ರಕಟಿಸಿದನು. ಉಭಯ ಪಕ್ಷಗಳ ನಡುವೆ ಒಬ್ಬ ಮಧ್ಯಸ್ಥನು. ಒಂದು ದಂಡಿಗೆ ಅದು ನಿಂತ ಸ್ಥಳದಿಂದ ಕಾಣತಕ್ಕದ್ದನ್ನು ಮಾತ್ರ ಅವನು ಆ ದಂಡಿನ ಒಡೆಯನಿಗೆ ತಿಳಿಸುವನು. ಅದೇ ೧೮೨೪ರ ಅಕ್ಟೋಬರದಲ್ಲಿ ನಮ್ಮ ಕಿತ್ತೂರ ಕೋಟೆಯ ಮುಂದೆ ಥ್ಯಾಕರೆ ಸಾಹೇಬನು ಮಡಿದನು. ಅಲ್ಲಿ ಕಾಗದದ ಯುದ್ಧ ಹುಟ್ಟಿದ ವರ್ಷವೇ ಇಲ್ಲಿ ನೆತ್ತರಿನ ಯುದ್ಧ! ಆ ಕಾಗದದ ಯುದ್ಧದ ಸಂತತಿಯಲ್ಲಿಯೇ, ೧೯೭೪ರಲ್ಲಿ, ಅಮೇರಿಕೆಯ ಗ್ಯಾರಿ ಗೈಗ್ಯಾಕ್ಸ್, ಡೇವ್ ಅರ್ನೆಸನ್ ಎಂಬಿಬ್ಬರು ಆಟಗಾರನ ಕೈಗೆ ದಂಡಿನ ಬದಲು ಒಬ್ಬನೇ ವೀರನನ್ನು ಕೊಟ್ಟು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಅಚ್ಚು ಹಾಕಿಸಿದರು. ಈಗಿನದೆಲ್ಲ ಅದರ ಮಕ್ಕಳು ಮೊಮ್ಮಕ್ಕಳು.

ಇನ್ನು ದೂರಿನ ಮಾತು. ಸೂತ್ರಧಾರರಾದ ತರುಣರೆಲ್ಲರೂ ಹೇಳುವದೊಂದೇ: ಹುಡುಗರು ಯೋಚಿಸುವದಿಲ್ಲ. ಬಾಗಿಲು ಕಂಡರೆ ಒದೆಯುವರು, ವೈರಿ ಕಂಡರೆ ಕತ್ತಿ ಹಿರಿಯುವರು. ಒಬ್ಬನು ಮೂಡಣಕ್ಕೆ ಓಡಿದರೆ ಮತ್ತೊಬ್ಬನು ಪಡುವಣಕ್ಕೆ. ಅಭಿಮನ್ಯುವಿಗಾದರೂ ಒಳಹೊಗುವ ವಿದ್ಯೆ ಗೊತ್ತಿತ್ತು. ಇವರಿಗೆ ಅದೂ ಬೇಡ. ಕಳೆದ ವರ್ಷ ನಮ್ಮ ಮನೆಯಲ್ಲಿ ಇದರಿಂದ ಆಟವೇ ಮುರಿಯುವ ಹೊತ್ತು ಬಂದಿತ್ತು. ಹದಿಮೂರು ವರ್ಷದ ಒಬ್ಬ ಹುಡುಗನ ಪಾತ್ರವು ಹೀಗೆ ಒಂಟಿಯಾಗಿ ನುಗ್ಗಿ ಸತ್ತಿತು. ಅವನು ಮುಖ ಊದಿಸಿಕೊಂಡು ಎರಡು ವಾರ ಮೇಜಿನ ಹತ್ತಿರ ಸುಳಿಯಲಿಲ್ಲ. ಸೂತ್ರಧಾರನಾದ ನಮ್ಮ ಮೊಮ್ಮಗನು, ‘ಬುದ್ಧಿ ಬರಲಿ ಎಂದೇ ಕೊಂದೆ’ ಎಂದನು. ಕೊಂದರೆ ಬುದ್ಧಿ ಬರುವದೇ? ಮೂವತ್ತು ವರ್ಷ ಶಾಲೆಯಲ್ಲಿ ಬೆತ್ತವನ್ನು ಕಂಡವರು ನಾವು. ಬೆತ್ತದಿಂದ ಬರುವದು ಅಂಜಿಕೆ. ಅಂಜಿದ ಹುಡುಗನು ಯುಕ್ತಿ ಮಾಡುವದಿಲ್ಲ, ಸುಮ್ಮನೆ ಕೂಡ್ರುವನು.

ಹುಡುಗರು ನುಗ್ಗುವದು ದಡ್ಡತನದಿಂದಲ್ಲ. ನುಗ್ಗಿದರೇ ಫಲವಿದೆ ಎಂದು ಆಟವೇ ಅವರಿಗೆ ಕಲಿಸಿರುವದರಿಂದ. ಪ್ರತಿ ಕಾಳಗದಲ್ಲಿಯೂ ವೈರಿಗಳು ಬಯಲಿನಲ್ಲಿ ಸಾಲಾಗಿ ನಿಂತು ಕೊನೆಯವನವರೆಗೆ ಸಾಯುತ್ತಿದ್ದರೆ ಯಾರು ತಾನೇ ಹೊಂಚು ಹಾಕುವರು?

ನಮ್ಮ ಮನೆಗಳಲ್ಲಿ ಇದಕ್ಕೆ ಒಳ್ಳೆಯ ಪಾಠಶಾಲೆಯೊಂದು ಮೊದಲೇ ಇದೆ: ಹುಲಿ-ಕುರಿ ಆಟ. ಮೂರು ಹುಲಿ, ಹದಿನೈದು ಕುರಿ. ಕುರಿಗಳನ್ನು ಒಂದೊಂದಾಗಿ ಹೂಡಬೇಕು. ಎಲ್ಲವನ್ನೂ ಹೂಡುವವರೆಗೆ ನಡೆಸುವಂತಿಲ್ಲ. ಹುಲಿಯು ಕುರಿಯನ್ನು ಹಾರಿ ಅದರ ಬೆನ್ನಿಗಿರುವ ಬರಿದಾದ ಮನೆಯಲ್ಲಿ ಇಳಿದರೆ ಕುರಿ ಸತ್ತಿತು. ಕುರಿಯು ಹುಲಿಯನ್ನು ಕೊಲ್ಲಲಾರದು. ಎಲ್ಲ ಕುರಿಗಳೂ ಕೂಡಿ ಹುಲಿಗೆ ಮಿಸುಕಲು ಬಾರದಂತೆ ಕಟ್ಟಿಹಾಕುವದೊಂದೇ ಗೆಲುವು. ಹೊಸಬನು ಕುರಿಯನ್ನು ತೆರೆದ ಜಾಗದಲ್ಲಿ ಒಂಟಿಯಾಗಿ ಇಟ್ಟು ಕಳೆದುಕೊಳ್ಳುವನು. ನಾಲ್ಕು ಆಟದಲ್ಲಿ ಅವನೇ ಕಂಡುಕೊಳ್ಳುವನು: ಅಂಚಿನ ಕುರಿಯ ಬೆನ್ನಿಗೆ ಹುಲಿ ಇಳಿಯಲು ಮನೆಯಿಲ್ಲ, ಒಂದರ ಹಿಂದೊಂದು ನಿಂತ ಎರಡು ಕುರಿಗಳನ್ನು ಹಾರಲಾಗದು, ಒಮ್ಮೊಮ್ಮೆ ಒಂದು ಕುರಿಯನ್ನು ಕೊಟ್ಟು ಹುಲಿಯನ್ನು ಮೂಲೆಗೆ ಎಳೆಯಬಹುದು. ಯಾರೂ ಉಪದೇಶ ಮಾಡಿದ್ದಿಲ್ಲ, ಮಣೆಯೇ ಕಲಿಸಿತು. ನಾವು ಖಾನಾಪುರದ ಕುಂಬಾರಮಣ್ಣಿನಿಂದ ಕುರಿ ಹುಲಿಗಳನ್ನು ಮಾಡಿಸಿ, ದೊಡ್ಡಾಟಕ್ಕೆ ಕೂಡ್ರುವ ಮೊದಲು ಅರ್ಧ ತಾಸು ಇದನ್ನು ಆಡಿಸಿದೆವು. ಐದು ಮಂದಿಗೂ ಮೂರು ಮೂರು ಕುರಿ ಹಂಚಿಕೊಟ್ಟು, ಎದುರಿಗೆ ನಾವೇ ಹುಲಿಯಾದೆವು. ತನ್ನ ಕುರಿಯನ್ನು ಉಳಿಸಲು ಪಕ್ಕದವನ ಕುರಿ ಬೇಕೆಂದಾಗ ಮಕ್ಕಳು ತಾವಾಗಿಯೇ ಒಬ್ಬರಿಗೊಬ್ಬರು ಮಾತಾಡಹತ್ತಿದರು.

ಆಮೇಲೆ ಕಥೆಯ ನೆಲವನ್ನು ಬದಲಿಸಿದೆವು. ಪರದೇಶದ ನೆಲಮಾಳಿಗೆಗಳನ್ನು ಬಿಟ್ಟು, ೧೮೨೯-೩೦ರ ನಂದಗಡ, ಬೀಡಿ, ಖಾನಾಪುರಗಳ ನಕಾಶೆ ಬರೆದೆವು. ಸಂಗೊಳ್ಳಿ ರಾಯಣ್ಣನ ಸಣ್ಣ ಪಡೆಯು ಕಂಪನಿಯ ದಂಡಿನೆದುರು ಬಯಲಿನಲ್ಲಿ ಎದೆಯೊಡ್ಡಿ ನಿಲ್ಲಲಿಲ್ಲ. ಇರುಳಲ್ಲಿ ಸರಕಾರದ ಕಚೇರಿಗಳ ಮೇಲೆ ಬಿದ್ದು ಬೆಳಗಾಗುವದರೊಳಗೆ ಕಾಡು ಸೇರುತ್ತಿತ್ತು. (ಅವನನ್ನು ಸೆರೆಹಿಡಿದದ್ದು ಯುದ್ಧದಿಂದಲ್ಲ, ದ್ರೋಹದಿಂದ, ೧೮೩೧ರ ಜನವರಿ ೨೬ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಈ ಮಾತನ್ನು ಮಕ್ಕಳಿಗೆ ಮೊದಲೇ ಹೇಳಿದ್ದೆವು.) ಪಾತ್ರಧಾರಿಗಳು ಆ ಪಡೆಯ ಐದು ಜನ. ಇಂಥ ನೆಲದಲ್ಲಿ ನುಗ್ಗಿದವನು ಉಳಿಯುವದಿಲ್ಲವೆಂಬದು ಎಂಟು ವರ್ಷದ ಕೂಸಿಗೂ ತಿಳಿಯುವದು.

ಸೂತ್ರಧಾರನಿಗೆ ನಾವು ಕೊಟ್ಟ ಸಲಹೆಗಳಲ್ಲಿ ಮೊದಲನೆಯದು, ಪ್ರಶ್ಯದವನಂತೆ ಕಾಣುವದನ್ನೆಲ್ಲ ಧಾರಾಳವಾಗಿ ಹೇಳು ಎಂಬದು. ‘ಕಚೇರಿಯ ಮುಂದೆ ಹತ್ತು ಸಿಪಾಯಿಗಳಿದ್ದಾರೆ’ ಎಂದರೆ ಕತ್ತಿಯೇ ಹೊರಬರುವದು. ‘ಹತ್ತು ಸಿಪಾಯಿಗಳು, ಇಬ್ಬರು ತೂಕಡಿಸುತ್ತಿದ್ದಾರೆ, ಹಿತ್ತಲಲ್ಲಿ ಹುಲ್ಲಿನ ಬಣವೆ, ಗಾಳಿ ಹಳ್ಳದ ಕಡೆಯಿಂದ ಬೀಸುತ್ತಿದೆ’ ಎಂದರೆ ಐದು ತಲೆಗಳು ಐದು ಕಡೆಗೆ ಓಡುವವು. ಕಣ್ಣಿಲ್ಲದವನಿಗೆ ಯುಕ್ತಿಯೆಲ್ಲಿಯದು?

ಎರಡನೆಯದು, ವೈರಿಗೂ ಪ್ರಾಣದ ಆಸೆ ಇರಲಿ. ಇಬ್ಬರು ಬಿದ್ದೊಡನೆ ಸಿಪಾಯಿಗಳು ಗೋಡೆಯ ಮರೆಗೆ ಸರಿಯಲಿ, ಒಬ್ಬನು ಕುದುರೆಯೇರಿ ಸಹಾಯಕ್ಕಾಗಿ ಓಡಲಿ. ಹಿಂದಿಂದ ಬಂದು ಬಳಸಿಕೊಳ್ಳುವದನ್ನು ಮಕ್ಕಳು ವೈರಿಯಿಂದಲೇ ಕಲಿತರು. ಮುಂದಿನ ವಾರ ಅದನ್ನೇ ತಿರುಗಿ ಮಾಡಿದರು. ಓಡಿಹೋಗುವ ದಾರಿಯನ್ನೂ ಸದಾ ತೆರೆದಿಡಬೇಕು. ಹಿಮ್ಮೆಟ್ಟಿದವರನ್ನೆಲ್ಲ ಬೆನ್ನಟ್ಟಿ ಕೊಲ್ಲಿಸುವ ಸೂತ್ರಧಾರನು, ಹಿಮ್ಮೆಟ್ಟುವದು ವ್ಯರ್ಥವೆಂದು ಸಾರಿದಂತಾಯಿತು. ಕೌಟಿಲ್ಯನು ಅರಸನ ನೀತಿಗೆ ಆರು ಗುಣಗಳನ್ನು ಹೇಳಿರುವನು: ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ. ಕಾದುವದು ಆರರಲ್ಲಿ ಒಂದು. ಸುಮ್ಮನೆ ಕಾಯ್ದು ಕೂಡ್ರುವದೂ ಒಂದು, ಬಲ್ಲಿದನ ಆಸರೆ ಹಿಡಿಯುವದೂ ಒಂದು. ನಮ್ಮ ಮೊಮ್ಮಗನು ಈ ಆರನ್ನೂ ಒಂದು ರಟ್ಟಿನ ಮೇಲೆ ಬರೆದು ಗೋಡೆಗೆ ತೂಗುಹಾಕಿದನು; ಆಟದ ನಡುವೆ ಯಾರಿಗೂ ಬೆರಳು ಮಾಡಿ ತೋರಿಸಲಿಲ್ಲ. ತೋರಿಸಬಾರದೆಂದೇ ನಾವು ಹೇಳಿದ್ದೆವು.

ಆಲೋಚನೆಗೆ ಹೊತ್ತು ಕೊಡುವ ಮಾತು ಇನ್ನೂ ಮುಖ್ಯ. ಗದ್ದಲದಲ್ಲಿ ದೊಡ್ಡ ದನಿಯವನದೇ ಆಜ್ಞೆಯಾಗುವದು. ಗೌಳಿಯ ಪಾತ್ರ ವಹಿಸಿದ ಹತ್ತು ವರ್ಷದ ಹುಡುಗಿಯೊಬ್ಬಳು ನಮ್ಮ ಮೇಜಿನಲ್ಲಿದ್ದಾಳೆ. ಮೊದಲಿನ ಮೂರು ಆಟಗಳಲ್ಲಿ ಅವಳ ಬಾಯಿಂದ ನಾಲ್ಕು ಮಾತು ಬರಲಿಲ್ಲ. ಬಂದದ್ದನ್ನು ಅಣ್ಣಂದಿರು ಕೇಳಲಿಲ್ಲ. ಕಾಳಗಕ್ಕೆ ಮುಂಚೆ ಐದು ನಿಮಿಷ ದಾಳ ಮುಟ್ಟಬಾರದು, ಎಲ್ಲರಿಗಿಂತ ಚಿಕ್ಕವರು ಮೊದಲು ಮಾತಾಡಬೇಕು ಎಂದು ಕಟ್ಟು ಮಾಡಿದೆವು. ಬೀಡಿಯ ಕಚೇರಿಯ ಆಟದ ದಿನ ಅವಳು, ‘ಎಮ್ಮೆಗಳನ್ನು ಹೊಡೆದುಕೊಂಡು ಮುಂಬಾಗಿಲಿಗೆ ನಾನು ಹೋಗುವೆ, ಗೌಳಿಗಿತ್ತಿಯನ್ನು ಯಾರು ತಡೆಯುತ್ತಾರೆ?’ ಎಂದಳು. ಸಿಪಾಯಿಗಳು ಎಮ್ಮೆಗಳನ್ನು ಬೈಯುತ್ತಿರುವಾಗ ಉಳಿದ ನಾಲ್ವರು ಹಿತ್ತಲಿನಿಂದ ಒಳಹೊಕ್ಕು ಕಾಗದಗಳಿಗೆ ಬೆಂಕಿಯಿಟ್ಟರು. ಕತ್ತಿ ಒರೆಯಲ್ಲಿಯೇ ಇತ್ತು. ಒಳ್ಳೆಯ ಹೂಟಕ್ಕೆ ದಾಳದ ಮೇಲೆ ಎರಡು ಮೂರು ಅಂಕ ಕೂಡಿಸಿ ಕೊಡುವ ಅಧಿಕಾರ ಸೂತ್ರಧಾರನಿಗಿದೆ. ಅಂದು ಅವನು ಐದು ಕೊಟ್ಟನು. ಮುನಿಸಿಕೊಂಡಿದ್ದ ಹುಡುಗನು ಈಗ ಅವಳ ಪಕ್ಕದಲ್ಲಿಯೇ ಕೂಡ್ರುತ್ತಾನೆ.

ಆಟ ಮುಗಿದ ಮೇಲೆ ಪಾಠ ಹೇಳುವ ಚಪಲವು ಹಿರಿಯರಿಗೆ ಬಹಳ. ಅದನ್ನು ನುಂಗಿಕೊಳ್ಳಬೇಕು. ‘ಸಿಪಾಯಿಗಳಿಗೆ ನೀವು ಯಾವಾಗ ಕಂಡಿರಿ?’ ಎಂದು ಒಂದು ಪ್ರಶ್ನೆ ಕೇಳಿ ಎದ್ದುಬಿಟ್ಟರೆ, ಊಟದ ಎಲೆಯ ಮುಂದೆ ಅರ್ಧ ತಾಸು ಅವರೇ ವಾದಿಸುವರು.

ಖರ್ಚಿಗೆ ಅಂಜಬೇಕಾಗಿಲ್ಲ. ಪುಸ್ತಕ ಕೊಳ್ಳದೆಯೂ ಸಾಗುವದು: ಒಂದು ನೋಟುಬುಕ್ಕು, ಒಂದು ನಕಾಶೆ, ಗೊಂಬೆಗಳ ಬದಲು ಹುಣಸೆ ಬೀಜ. ಇಪ್ಪತ್ತು ಮುಖದ ದಾಳ ಸಿಕ್ಕದಿದ್ದರೆ ಇಪ್ಪತ್ತು ಚೀಟಿಗಳನ್ನು ಒಂದು ತಂಬಿಗೆಯಲ್ಲಿ ಹಾಕಿ ಎತ್ತಿಸಿರಿ. ಎತ್ತಿದ ಚೀಟಿಯನ್ನು ಪ್ರತಿ ಸಲವೂ ತಿರುಗಿ ಒಳಗೆ ಹಾಕುವದನ್ನು ಮರೆಯಬೇಡಿರಿ.