ತುತ್ತು ಒಲ್ಲೆನೆನ್ನುವ ಕಂದ

ದೀಪ ಹೊತ್ತಿಸುವ ವೇಳೆ ಕಳೆದು ಸ್ವಲ್ಪ ಹೊತ್ತಾಗುವಷ್ಟರಲ್ಲಿ ಅನೇಕ ಮನೆಗಳಲ್ಲಿ ಒಂದು ಪುಟ್ಟ ಕದನ ಆರಂಭವಾಗುತ್ತದೆ. ಒಂದು ಪಕ್ಷದಲ್ಲಿ ಸಾರನ್ನದ ಬಟ್ಟಲು ಹಿಡಿದ ತಾಯಿ, ಆಕೆಯ ಬೆಂಬಲಕ್ಕೆ ಅಜ್ಜಿ; ಇನ್ನೊಂದು ಪಕ್ಷದಲ್ಲಿ ತುಟಿ ಬಿಗಿದು ನಿಂತ ಎರಡು ವರ್ಷದ ಕಂದ. ಕಾಗೆ, ಗುಬ್ಬಿ, ಚಂದಮಾಮರ ನೆರವೂ ಸಾಲದಾದಾಗ ಕೊನೆಯ ಅಸ್ತ್ರವಾಗಿ ಮೊಬೈಲ್ ಫೋನು ಹೊರಬರುತ್ತದೆ. ಕಣ್ಣು ಪರದೆಯಲ್ಲಿ ನೆಟ್ಟಿರುವಾಗ ತುತ್ತುಗಳು ಒಂದೊಂದಾಗಿ ಒಳಸೇರುತ್ತವೆ. ಬಟ್ಟಲು ಬರಿದಾಯಿತೆಂಬ ನೆಮ್ಮದಿ ತಾಯಿಗೆ. ಆದರೆ ತಾನು ಏನನ್ನು ತಿಂದೆ, ಹೊಟ್ಟೆ ಯಾವಾಗ ತುಂಬಿತು ಎಂಬ ಅರಿವು ಮಗುವಿಗೆ ಇಲ್ಲ.

ಮಗು ಊಟ ಒಲ್ಲೆನೆಂದರೆ ಎಲ್ಲ ಸಲವೂ ಅದು ಹಟವಲ್ಲ. ಹುಟ್ಟುವಾಗ 3 ಕಿಲೋ ಇದ್ದ ಶಿಶು ವರ್ಷ ತುಂಬುವ ಹೊತ್ತಿಗೆ ಸುಮಾರು 9 ಕಿಲೋ ತೂಗುತ್ತದೆ. ಎರಡನೆಯ ವರ್ಷದಲ್ಲಾದರೋ ಅದು ಗಳಿಸುವುದು ಸುಮಾರು 2ರಿಂದ 2.5 ಕಿಲೋ ಮಾತ್ರ. ಬೆಳವಣಿಗೆಯ ವೇಗ ತಗ್ಗಿದಂತೆ ಹಸಿವೂ ತಗ್ಗುತ್ತದೆ. ಇದನ್ನರಿಯದ ಹಿರಿಯರು ಮಗು ಸೊರಗೀತೆಂದು ಹೆದರಿ ಬಲವಂತಕ್ಕೆ ತೊಡಗುತ್ತಾರೆ.

ಕ್ಲಾರಾ ಡೇವಿಸ್ ಎಂಬ ಅಮೆರಿಕದ ವೈದ್ಯೆ ಈ ವಿಷಯದಲ್ಲಿ ನಡೆಸಿದ ಪ್ರಯೋಗವೊಂದರ ವಿವರವನ್ನು 1928ರಲ್ಲಿ ಪ್ರಕಟಿಸಿದರು. ಆಗತಾನೆ ಮೊಲೆ ಬಿಟ್ಟ ಶಿಶುಗಳ ಮುಂದೆ ಧಾನ್ಯ, ಹಣ್ಣು, ತರಕಾರಿ, ಮಾಂಸ, ಹಾಲು ಮುಂತಾದವನ್ನು ಇಡಲಾಗುತ್ತಿತ್ತು. ದಾದಿಯು ತಾನಾಗಿ ಏನನ್ನೂ ಉಣಿಸದೆ, ಮಗು ಕೈಚಾಚಿದ್ದನ್ನು ಮಾತ್ರ ಕೊಡುತ್ತಿದ್ದಳು. ಇಂದು ಒಂದನ್ನು, ನಾಳೆ ಮತ್ತೊಂದನ್ನು ಮನಬಂದಂತೆ ತಿಂದರೂ ಆ ಮಕ್ಕಳು ಪುಷ್ಟಿಯಾಗಿಯೇ ಬೆಳೆದವು. ಆದರೆ ಒಂದು ಮಾತು ಮರೆಯಬಾರದು: ಅಲ್ಲಿ ಸಿಹಿತಿಂಡಿಗೆ ಎಡೆಯೇ ಇರಲಿಲ್ಲ. ಏನನ್ನು ಇಡಬೇಕೆಂಬ ತೀರ್ಮಾನ ಹಿರಿಯರದು. ಎಷ್ಟು ತಿನ್ನಬೇಕೆಂಬುದು ಮಗುವಿನದು.

ಈ ಸೂತ್ರ ನಮ್ಮ ಮನೆಗಳಿಗೂ ಒಪ್ಪುವಂಥದು. ದಿನಕ್ಕೆ ಮೂರು ಊಟ, ನಡುವೆ ಎರಡು ಸಣ್ಣ ಉಪಾಹಾರ ಹೊತ್ತಿಗೆ ಸರಿಯಾಗಿ ದೊರೆತರೆ ಸಾಕು. ಮೆತ್ತನೆಯ ರಾಗಿ ಮುದ್ದೆ, ಬೇಳೆ, ಸೊಪ್ಪು, ಮೊಸರನ್ನ, ಬಾಳೆಹಣ್ಣು, ರೂಢಿಯಿದ್ದಲ್ಲಿ ಮೊಟ್ಟೆ, ಇವುಗಳನ್ನು ಮೊದಲು ಸ್ವಲ್ಪವೇ ಬಡಿಸಿ, ಕೇಳಿದರೆ ಮತ್ತೆ ಬಡಿಸಬೇಕು. ಅರ್ಧ ಗಂಟೆಯಾದ ಮೇಲೆ ಗದರದೆ ತಟ್ಟೆ ತೆಗೆಯುವುದು ಲೇಸು. ಹೊಸ ರುಚಿಯನ್ನು ಒಪ್ಪಲು ಮಗುವಿಗೆ ಎಂಟು ಹತ್ತು ಸಲವಾದರೂ ಅದರ ಪರಿಚಯವಾಗಬೇಕು. ಇಡಿಯ ಕಡಲೆಕಾಯಿ ಬೀಜ, ದ್ರಾಕ್ಷಿಯಂಥವು ಗಂಟಲಿಗೆ ಸಿಲುಕುವ ಭಯವಿರುವುದರಿಂದ ಎಳೆಯರಿಗೆ ಕೊಡಲಾಗದು.

ಊಟ ಬಿಟ್ಟಿತೆಂದು ಲೋಟ ಲೋಟ ಹಾಲು ಕುಡಿಸುವುದೂ ತಪ್ಪು. ಹಾಲಿನಲ್ಲಿ ಕಬ್ಬಿಣದ ಅಂಶ ಅತ್ಯಲ್ಪ; ಅತಿಯಾದರೆ ಅದು ಹಸಿವನ್ನೂ ಕೊಲ್ಲುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಭಾರತೀಯ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ ಇದ್ದಿತು. ಇನ್ನು ಪರದೆಯ ಮಾತು: ಎರಡು ವರ್ಷ ತುಂಬದವರಿಗೆ ಅದು ಬೇಡವೇ ಬೇಡ, ಆ ಬಳಿಕ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆಗೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆಯಿತ್ತಿದೆ.

ಮಗುವಿನ ತೂಕ ಏರದೆ ನಿಂತರೆ, ಆಟದಲ್ಲಿ ಲವಲವಿಕೆ ತಗ್ಗಿದರೆ, ಪದೇ ಪದೇ ವಾಂತಿಯಾದರೆ ವೈದ್ಯರನ್ನು ಕಾಣಲು ತಡಮಾಡಬಾರದು. ತೂಕದ ರೇಖೆ ಕ್ರಮವಾಗಿ ಏರುತ್ತಿದ್ದು ಮಗು ನಗುನಗುತ್ತ ಓಡಾಡುತ್ತಿದ್ದರೆ, ಬಟ್ಟಲಿನಲ್ಲಿ ಉಳಿದ ನಾಲ್ಕು ತುತ್ತಿಗಾಗಿ ಯಾರೂ ಕಣ್ಣೀರಿಡಬೇಕಾಗಿಲ್ಲ. ಕಛೇರಿಯಿಂದ ಬಂದ ತಂದೆಯೂ ಪತ್ರಿಕೆ, ಫೋನುಗಳನ್ನು ಬದಿಗಿಟ್ಟು ಪಂಕ್ತಿಯಲ್ಲಿ ಕುಳಿತರೆ, ಎಲ್ಲರೂ ಉಣ್ಣುವುದನ್ನು ನೋಡುತ್ತ ಪುಟ್ಟ ಕೈಯೂ ತಾನಾಗಿಯೇ ತಟ್ಟೆಗೆ ಇಳಿದೀತು.