ದ್ರಾಕ್ಷಿ ಬಂದರಿನಲ್ಲಿ ನಿಂತರೆ ಖರ್ಚು ಯಾರ ತಲೆಗೆ?

ಜತ್ತ, ಸೊಲ್ಲಾಪುರ, ಪಂಢರಪುರ ಸೀಮೆಯಲ್ಲಿ ದ್ರಾಕ್ಷಿ ಬೆಳೆಯುವ ನಮ್ಮ ರೈತ ಬಾಂಧವರಿಗೆ ಬಳ್ಳಿ ಸವರುವುದರಿಂದ ಹಿಡಿದು ಪೆಟ್ಟಿಗೆ ಕಟ್ಟುವವರೆಗಿನ ಕೆಲಸವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಪರದೇಶಕ್ಕೆ ಹೋಗತಕ್ಕ ಹಣ್ಣು ತೋಟ ಬಿಟ್ಟ ಮೇಲೆ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಎಲ್ಲಿ ನಿಂತರೆ ಯಾರು ಹಣ ತೆರಬೇಕಾಗುತ್ತದೆ ಎಂಬುದು ಬಹುಮಂದಿಗೆ ತಿಳಿದಿರುವುದಿಲ್ಲ. "ಬಂದರಿನಲ್ಲಿ ದಟ್ಟಣೆಯಾಗಿದೆ, ರೇಟು ಇಳಿಯಿತು" ಎಂಬ ಒಂದೇ ಮಾತು ತಿರುಗಿ ಬರುತ್ತದೆ. ಆ ಮಾತಿನ ಹಿಂದೆ ಏನಿದೆ, ಅದರಲ್ಲಿ ನಮ್ಮ ಕೈಯಲ್ಲಿರುವುದೆಷ್ಟು, ಇಲ್ಲದಿರುವುದೆಷ್ಟು ಎಂಬುದನ್ನು ಈ ಲೇಖನದಲ್ಲಿ ವಿವರಿಸುತ್ತೇವೆ.

ಬಂದರು ಮತ್ತು ಅದರ ಬಾಗಿಲು

ನಮ್ಮ ಕಡೆಯ ಹಣ್ಣು ಸಾಮಾನ್ಯವಾಗಿ ಹಡಗು ಹತ್ತುವುದು ನ್ಹಾವಾ ಶೇವಾದಲ್ಲಿ. ಮುಂಬಯಿಗೆ ಎದುರಾಗಿ ಖಾರಿಯ ಆಚೆ ದಡದಲ್ಲಿ, ರಾಯಗಡ ಜಿಲ್ಲೆಯ ಉರಣ ತಾಲ್ಲೂಕಿನಲ್ಲಿರುವ ಈ ಜವಾಹರಲಾಲ್ ನೆಹರೂ ಬಂದರು 1989ರಲ್ಲಿ ಕೆಲಸ ಪ್ರಾರಂಭಿಸಿತು. ಅದರೊಳಗೆ ಬೇರೆ ಬೇರೆ ಕಂಪನಿಗಳು ನಡೆಸುವ ಐದು ಟರ್ಮಿನಲುಗಳಿವೆ. ಇಪ್ಪತ್ತು ಅಡಿಯ ಪೆಟ್ಟಿಗೆಯನ್ನು ಒಂದು ಎಂದು ಎಣಿಸಿದರೆ, 2023–24ರಲ್ಲಿ ಸುಮಾರು 64 ಲಕ್ಷ ಕಂಟೇನರುಗಳು ಇಲ್ಲಿ ಹತ್ತಿ ಇಳಿದವು.

ಯಾವ ಹಡಗಿಗೆ ಯಾವ ಕಂಟೇನರ್ ಎಂಬುದು ಮೊದಲೇ ಗೊತ್ತಾಗಿರುತ್ತದೆ. ಹಡಗು ಬರುವ ಕೆಲವು ದಿನ ಮುಂಚೆ ಅದರ ಮಾಲಿಗಾಗಿ ಗೇಟು ತೆರೆಯುತ್ತದೆ. ಹಡಗು ಬರುವುದಕ್ಕೆ ಇಂತಿಷ್ಟು ತಾಸು ಮುಂಚೆ ಮುಚ್ಚುತ್ತದೆ. ಈ ಮುಚ್ಚುವ ವೇಳೆಗೆ 'ಕಟ್-ಆಫ್' ಎನ್ನುತ್ತಾರೆ. ಅದನ್ನು ತಪ್ಪಿಸಿಕೊಂಡ ಕಂಟೇನರು ಮುಂದಿನ ಹಡಗಿನವರೆಗೆ ಕಾಯಬೇಕು. ಎಸ್.ಟಿ. ಬಸ್ಸು ತಪ್ಪಿದರೆ ಮುಂದಿನ ಬಸ್ಸಿಗೆ ಕಾಯ್ದಂತೆಯೇ ಇದು; ಆದರೆ ಈ ಬಸ್ಸು ವಾರಕ್ಕೊಮ್ಮೆ ಬರುವುದೂ ಉಂಟು.

ನಡುವೆ ನಿಂತ ಇಬ್ಬರು

ರೈತನಿಂದ ಹಣ್ಣು ಕೊಂಡ ರಫ್ತುದಾರನಿಗೂ ಹಡಗಿಗೂ ನಡುವೆ ಇಬ್ಬರು ಕೆಲಸ ಮಾಡುತ್ತಾರೆ.

ಮೊದಲನೆಯವನು ಕಸ್ಟಮ್ಸ್ ಬ್ರೋಕರ್. ಹಿಂದೆ ಕಸ್ಟಮ್ಸ್ ಹೌಸ್ ಏಜೆಂಟ್ ಎನ್ನುತ್ತಿದ್ದರು; ಬಂದರಿನಲ್ಲಿ ಇಂದಿಗೂ ಸಿ.ಎಚ್.ಎ. ಎಂದೇ ಕರೆಯುವುದುಂಟು. ಸರಕಾರದ ಸುಂಕದ ಇಲಾಖೆಯ ಮುಂದೆ ನಮ್ಮ ಪರವಾಗಿ ಕಾಗದಪತ್ರ ಹಾಜರುಪಡಿಸುವುದು ಅವನ ಕಸುಬು. 1962ರ ಕಸ್ಟಮ್ಸ್ ಕಾಯಿದೆಯ 146ನೆಯ ಕಲಮಿನ ಪ್ರಕಾರ ಲೈಸೆನ್ಸ್ ಇಲ್ಲದೆ ಯಾರೂ ಈ ಕಸುಬು ಮಾಡುವಂತಿಲ್ಲ, ಲೈಸೆನ್ಸಿಗೆ ಪರೀಕ್ಷೆಯಿದೆ. ರಫ್ತಿನ ಮಾಲಿಗೆ ಅವನು 'ಶಿಪ್ಪಿಂಗ್ ಬಿಲ್' ಸಲ್ಲಿಸುತ್ತಾನೆ. ಅಧಿಕಾರಿಗಳು ಅದನ್ನು ನೋಡಿ, ಬೇಕೆನಿಸಿದರೆ ಮಾಲನ್ನೂ ತೆರೆದು ನೋಡಿ, ಹೊರಡಲು ಅಪ್ಪಣೆ ಕೊಡುತ್ತಾರೆ. ಆ ಅಪ್ಪಣೆಯಿಲ್ಲದೆ ಒಂದು ಪೆಟ್ಟಿಗೆಯೂ ಹಡಗು ಹತ್ತಲಾರದು.

ಎರಡನೆಯವನು ಫ್ರೈಟ್ ಫಾರ್ವರ್ಡರ್. ನಮ್ಮ ಪೇಟೆಗಳಲ್ಲಿ ಲಾರಿ ಗೊತ್ತುಮಾಡಿ ಮಾಲು ಸಾಗಿಸುವ ಹೊಣೆ ಹೊರುವ ಹುಂಡೇಕರಿಯನ್ನು ಎಲ್ಲರೂ ಬಲ್ಲರು. ಫಾರ್ವರ್ಡರನನ್ನು ಸಮುದ್ರದ ಹುಂಡೇಕರಿ ಎಂದು ತಿಳಿದರೆ ಸಾಕು. ಹಡಗಿನ ಕಂಪನಿಯಲ್ಲಿ ಜಾಗ ಹಿಡಿಯುವುದು, ಖಾಲಿ ಕಂಟೇನರು ತರಿಸುವುದು, ಬಾಡಿಗೆ ಗೊತ್ತುಮಾಡುವುದು, ಆಚೆ ದಡದಲ್ಲಿ ಮಾಲು ಬಿಡಿಸಿಕೊಳ್ಳುವ ಏರ್ಪಾಡು ಮಾಡುವುದು ಇವನ ಕೆಲಸ. ಕೆಲವೆಡೆ ಎರಡು ಕೆಲಸವನ್ನೂ ಒಂದೇ ಸಂಸ್ಥೆ ನಡೆಸುವುದುಂಟು.

ಇಬ್ಬರಿಗೂ ಹೊಣೆಯಿದೆ, ಅಧಿಕಾರವಿಲ್ಲ. ಹಡಗು ಇವರದಲ್ಲ, ಗೇಟು ಇವರದಲ್ಲ, ಕ್ರೇನು ಇವರದಲ್ಲ, ಸುಂಕದ ಮುದ್ರೆಯೂ ಇವರದಲ್ಲ. ಆದರೂ ಮಾಲು ನಿಂತಾಗ ಎಲ್ಲರೂ ಮೊದಲು ಫೋನು ಮಾಡುವುದು ಇವರಿಗೇ.

ದಟ್ಟಣೆ ಏಕೆ ಆಗುತ್ತದೆ?

ಬಂದರಿನ ದಟ್ಟಣೆ ಎಂದರೆ ಬರೇ ಲಾರಿಗಳ ಸಾಲಲ್ಲ. ಕಾಲುವೆಯ ತುದಿಯಲ್ಲಿ ಕಸ ಕಟ್ಟಿದರೆ ನೀರು ಹಿಂದಕ್ಕೆ ನಿಲ್ಲುತ್ತದಷ್ಟೆ. ಹಾಗೆಯೇ ಹಡಗು ತಡವಾದರೆ ಅದರ ಮಾಲು ಅಂಗಳದಲ್ಲಿ ಉಳಿಯುತ್ತದೆ. ಅಂಗಳ ತುಂಬಿದರೆ ಕ್ರೇನು ಒಂದು ಪೆಟ್ಟಿಗೆ ತೆಗೆಯಲು ಮೇಲಿನ ನಾಲ್ಕನ್ನು ಸರಿಸಬೇಕಾಗುತ್ತದೆ. ಕ್ರೇನು ನಿಧಾನವಾದರೆ ಗೇಟಿನಲ್ಲಿ ಲಾರಿ ನಿಲ್ಲುತ್ತದೆ. ಲಾರಿ ನಿಂತರೆ ಅದು ಮರಳಿ ಬಂದು ಇನ್ನೊಂದು ಖೇಪು ಹೊರಲಾರದು.

ಇದರ ಮೂಲ ಎಷ್ಟೋ ವೇಳೆ ಸಾವಿರಾರು ಮೈಲಿ ದೂರದಲ್ಲಿರುತ್ತದೆ. 2017ರ ಜೂನ್ 27ರಂದು ಡೆನ್ಮಾರ್ಕಿನ ಮರ್ಸ್ಕ್ ಎಂಬ ಹಡಗು ಸಂಸ್ಥೆಯ ಕಂಪ್ಯೂಟರುಗಳ ಮೇಲೆ ದಾಳಿಯಾದಾಗ, ಆ ಸಂಸ್ಥೆಯ ಬಳಗಕ್ಕೆ ಸೇರಿದ ನ್ಹಾವಾ ಶೇವಾದ ಟರ್ಮಿನಲಿನಲ್ಲೂ ಕೆಲಸ ಕೆಟ್ಟಿತು. 2021ರ ಮಾರ್ಚ್ 23ರಂದು 'ಎವರ್ ಗಿವನ್' ಎಂಬ 400 ಮೀಟರ್ ಉದ್ದದ ಹಡಗು ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡು ಆರು ದಿನ ದಾರಿ ಕಟ್ಟಿತು. ಅದೇ ವರ್ಷದ ಕೊನೆಯಲ್ಲಿ ಅಮೆರಿಕದ ಲಾಸ್ ಏಂಜಲಿಸ್, ಲಾಂಗ್ ಬೀಚ್ ಬಂದರುಗಳ ಮುಂದೆ ನೂರಕ್ಕೂ ಹೆಚ್ಚು ಹಡಗುಗಳು ಕಾದು ನಿಂತವು. ಅವುಗಳೊಳಗೆ ಸಿಕ್ಕಿಬಿದ್ದ ಕಂಟೇನರುಗಳು ಹಿಂತಿರುಗದೆ ನಮ್ಮ ದೇಶದ ರಫ್ತುದಾರರು ಖಾಲಿ ಪೆಟ್ಟಿಗೆಗಾಗಿ ಪರದಾಡಬೇಕಾಯಿತು.

2023ರ ಕೊನೆಯಲ್ಲಿ ಬಂದ ಪೆಟ್ಟು ದ್ರಾಕ್ಷಿಗೆ ನೇರವಾಗಿ ತಟ್ಟಿತು. ಕೆಂಪು ಸಮುದ್ರದಲ್ಲಿ ಯೆಮೆನಿನ ಹೌತಿಗಳು ಹಡಗುಗಳ ಮೇಲೆ ದಾಳಿ ಮಾಡತೊಡಗಿದ್ದರಿಂದ ದೊಡ್ಡ ಕಂಪನಿಗಳು ಆ ಡಿಸೆಂಬರಿನಿಂದ ಸೂಯೆಜ್ ದಾರಿ ಬಿಟ್ಟು ಆಫ್ರಿಕದ ತುದಿಯ ಗುಡ್ ಹೋಪ್ ಭೂಶಿರ ಸುತ್ತಿ ಯೂರೋಪಿಗೆ ಹೋಗತೊಡಗಿದವು. ಪ್ರಯಾಣಕ್ಕೆ ಸುಮಾರು ಹತ್ತರಿಂದ ಹದಿನೈದು ದಿನ ಕೂಡಿತು. ನಮ್ಮ ದ್ರಾಕ್ಷಿ ಯೂರೋಪಿಗೆ ಹೊರಡುವುದು ಜನವರಿಯಿಂದ ಏಪ್ರಿಲಿನವರೆಗೆ. 2024ರ ಸುಗ್ಗಿ ಸರಿಯಾಗಿ ಇದರ ಬಾಯಿಗೆ ಸಿಕ್ಕಿತು. ದಾರಿ ಉದ್ದವಾದುದರಿಂದ ಹಡಗುಗಳು ವೇಳೆ ತಪ್ಪಿ, ಒಮ್ಮೆ ಒಂದೂ ಬಾರದೆ ಮತ್ತೊಮ್ಮೆ ಮೂರು ಒಟ್ಟಿಗೆ ಬರುವ ಸ್ಥಿತಿಯಾಯಿತು. ಆ ವರ್ಷದ ಮೇ–ಜೂನ್ ತಿಂಗಳುಗಳಲ್ಲಿ ಸಿಂಗಾಪುರದಂಥ ಬಂದರಿನಲ್ಲಿಯೂ ಹಡಗುಗಳು ದಿನಗಟ್ಟಲೆ ಕಾಯ್ದವು.

ಏಜೆಂಟರ ಸಂಕಟ

ಇಂಥ ಕಾಲದಲ್ಲಿ ಫಾರ್ವರ್ಡರ್ ಹಿಡಿದಿಟ್ಟ ಜಾಗ ಕಾಗದದ ಮೇಲೆ ಮಾತ್ರ ಉಳಿಯುತ್ತದೆ. ಹಡಗು ತುಂಬಿತೆಂದು ಕಂಪನಿ ಕಂಟೇನರನ್ನು ಮುಂದಿನ ವಾರಕ್ಕೆ ತಳ್ಳುತ್ತದೆ. ಕೆಲವೊಮ್ಮೆ ಆ ವಾರದ ಹಡಗನ್ನೇ ರದ್ದು ಮಾಡುತ್ತದೆ. ಹಿಂದೆ ಒಪ್ಪಿಕೊಂಡ ಬಾಡಿಗೆಯ ಮೇಲೆ ಹೊಸ ಹೊಸ ಹೆಚ್ಚುವರಿ ಹೇರುತ್ತದೆ. ಹಡಗಿನ ಕಂಪನಿಗೆ ಫಾರ್ವರ್ಡರ್ ತಡಮಾಡದೆ ಹಣ ಕೊಡಬೇಕು. ಅವನಿಗೆ ರಫ್ತುದಾರನಿಂದ ಬರುವುದು ಉದ್ದರಿಯ ಮೇಲೆ, ತಿಂಗಳ ನಂತರ. ಬಾಡಿಗೆ ಇಮ್ಮಡಿಯಾದರೆ ಅವನು ತೊಡಗಿಸಬೇಕಾದ ಬಂಡವಾಳವೂ ಇಮ್ಮಡಿಯಾಗುತ್ತದೆ, ಅವನ ಕಮಿಷನ್ ಮಾತ್ರ ಇದ್ದಷ್ಟೇ. ಚಿಕ್ಕ ಸಂಸ್ಥೆಗಳು ತತ್ತರಿಸುವುದು ಇಲ್ಲಿಯೇ.

ಕಸ್ಟಮ್ಸ್ ಬ್ರೋಕರನ ಪಾಡು ಇನ್ನೊಂದು ಬಗೆಯದು. ಹಡಗು ಬದಲಾದರೆ ಅವನು ಕಾಗದಗಳನ್ನು ಮತ್ತೆ ತಿದ್ದಿಸಬೇಕು. ಅವಸರವೆಂದು ತಪ್ಪು ಕಾಗದ ಸಲ್ಲಿಸುವಂತಿಲ್ಲ. 2018ರ ನಿಯಮಾವಳಿಯಂತೆ ಗಿರಾಕಿಯ ಗುರುತು, ಅವನ ರಫ್ತಿನ ಕೋಡ್ ನಂಬರು ಇವೆಲ್ಲ ನಿಜವೇ ಎಂದು ನೋಡುವ ಹೊಣೆ ಬ್ರೋಕರನ ಮೇಲೆಯೇ ಇದೆ. ತಪ್ಪಿದರೆ ದಂಡ, ಲೈಸೆನ್ಸು ರದ್ದಾಗುವ ಭಯ. ಒಂದು ಕಡೆ "ಬೇಗ ಮಾಡಿ" ಎನ್ನುವ ರಫ್ತುದಾರ, ಇನ್ನೊಂದು ಕಡೆ "ಸರಿಯಾಗಿ ಮಾಡಿ" ಎನ್ನುವ ಕಾಯಿದೆ. ನಡುವೆ ಅವನು ಅಡಕತ್ತರಿಯಲ್ಲಿಯ ಅಡಿಕೆಯಂತೆ.

ಸರದಿಯಲ್ಲಿ ಕಳೆದ ಒಂದು ದಿನ ಎಷ್ಟು ದುಬಾರಿಯಾಗಬಹುದೆಂಬುದಕ್ಕೆ ಉಳ್ಳಾಗಡ್ಡಿಯ ಉದಾಹರಣೆಯಿದೆ. ಕೇಂದ್ರ ಸರಕಾರ 2023ರ ಡಿಸೆಂಬರ್ 8ರಿಂದ ಉಳ್ಳಾಗಡ್ಡಿ ರಫ್ತನ್ನು ನಿಷೇಧಿಸಿತು. ನಿಷೇಧ ತೆರವಾದದ್ದು 2024ರ ಮೇ ಮೊದಲ ವಾರದಲ್ಲಿ. ಆಜ್ಞೆಗೆ ಮುಂಚೆಯೇ ಕಸ್ಟಮ್ಸಿಗೆ ಒಪ್ಪಿಸಿ ಅವರ ದಾಖಲೆಯಲ್ಲಿ ನಮೂದಾಗಿದ್ದ ಮಾಲಿಗೆ ಹೊರಡಲು ಅವಕಾಶವಿತ್ತು. ಗೇಟಿನ ಹೊರಗೆ ಸಾಲಿನಲ್ಲಿ ನಿಂತ ಮಾಲಿಗೆ ಆ ಅವಕಾಶವಿರಲಿಲ್ಲ. ಒಂದೇ ಹೊಲದ ಎರಡು ಲಾರಿಗಳಾದರೂ ಬಂದರು ಮುಟ್ಟಿದ ವೇಳೆಯ ಮೇಲೆ ಅವುಗಳ ಹಣೆಬರಹ ಬೇರೆ.

ಕಾಯುವ ಬಿಲ್ಲು

ಮಾಲು ನಿಂತಷ್ಟು ದಿನ ಬೆಳೆಯುವ ಬಿಲ್ಲುಗಳು ಮೂರು. ಕಂಟೇನರು ಹಡಗಿನ ಕಂಪನಿಯ ಸ್ವತ್ತು. ಪುಕ್ಕಟೆ ಇಟ್ಟುಕೊಳ್ಳುವ ದಿನಗಳು ಮುಗಿದ ಮೇಲೆ ಅದಕ್ಕೆ ದಿನದ ಬಾಡಿಗೆ, ಇದು 'ಡಿಟೆನ್ಶನ್'. ಅಂಗಳದಲ್ಲಿ ಅವಧಿ ಮೀರಿ ನಿಂತರೆ ಜಾಗದ ಬಾಡಿಗೆ, ಇದು 'ಡೆಮರೇಜ್'. ಮೂರನೆಯದು ಹಣ್ಣಿಗೆ ವಿಶೇಷವಾದದ್ದು. ದ್ರಾಕ್ಷಿ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಹೋಗಬೇಕಾದುದರಿಂದ ಅದರ ತಂಪು ಕಂಟೇನರಿಗೆ ಅಂಗಳದಲ್ಲಿಯೂ ಕರೆಂಟು ಬೇಕು. ಆ ಕರೆಂಟಿನ ಬಿಲ್ಲು ಬೇರೆ. ಕರೆಂಟಿನ ಪ್ಲಗ್ಗುಗಳಿಗೂ ಮಿತಿಯುಂಟು. ದಟ್ಟಣೆಯ ದಿನ ಅವೂ ತುಂಬಿರುತ್ತವೆ.

ಲೆಕ್ಕ ತಿಳಿಯಲೆಂದು ಒಂದು ಉದಾಹರಣೆ ಕೊಡುತ್ತೇವೆ. ನಲವತ್ತು ಅಡಿಯ ಒಂದು ತಂಪು ಕಂಟೇನರಿನಲ್ಲಿ ಸುಮಾರು 13 ಟನ್ ದ್ರಾಕ್ಷಿ ಹಿಡಿಯುತ್ತದೆ ಎನ್ನೋಣ. ಹೆಚ್ಚಿದ ಬಾಡಿಗೆ, ಕಾಯ್ದ ಖರ್ಚು ಎಲ್ಲ ಕೂಡಿ 1,30,000 ರೂಪಾಯಿ ಆಯಿತೆಂದರೆ ಕಿಲೋಗೆ 10 ರೂಪಾಯಿ ಬಿತ್ತು. ಈ ಹತ್ತು ರೂಪಾಯಿಯನ್ನು ಹಡಗಿನ ಕಂಪನಿ ಫಾರ್ವರ್ಡರನಿಂದ, ಫಾರ್ವರ್ಡರ್ ರಫ್ತುದಾರನಿಂದ ವಸೂಲು ಮಾಡುತ್ತಾನೆ. ರಫ್ತುದಾರ ಪರದೇಶದ ದೊಡ್ಡ ಅಂಗಡಿಯವನಿಂದ ಪಡೆಯುವುದು ಕಷ್ಟ. ಹಾಗಾದ ಮೇಲೆ ಅದು ಕೆಳಕ್ಕೆ ಇಳಿಯುತ್ತದೆ. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬಂತೆ, ಹಣ್ಣು ಆಚೆ ದಡ ಮುಟ್ಟಿದ ಮೇಲೆ ದರ ಕಟ್ಟುವ ಕರಾರಿನಲ್ಲಿ ಕೊಟ್ಟ ರೈತನೇ ಕೊನೆಗೆ ಅದನ್ನು ಹೊರುತ್ತಾನೆ.

ವಿಮೆ ಇದೆಯಲ್ಲ ಎಂದು ಕೆಲವರು ಧೈರ್ಯದಿಂದಿರುತ್ತಾರೆ. ಇಲ್ಲೊಂದು ಮುಖ್ಯವಾದ ಮಾತನ್ನು ನೆನಪಿಡತಕ್ಕದ್ದು. ಸಮುದ್ರ ಸಾಗಣೆಯ ಸಾಮಾನ್ಯ ವಿಮೆಯ ಷರತ್ತುಗಳಲ್ಲಿ ತಡವಾದ ಕಾರಣದಿಂದಲೇ ಆದ ನಷ್ಟವನ್ನು ಹೊರಗಿಟ್ಟಿರುತ್ತಾರೆ. ಕಂಟೇನರು ಸಮುದ್ರಕ್ಕೆ ಬಿದ್ದರೆ ಪರಿಹಾರ ಸಿಕ್ಕೀತು. ಹಣ್ಣು ಎರಡು ವಾರ ತಡವಾಗಿ ಮುಟ್ಟಿ ತೊಟ್ಟು ಒಣಗಿ ದರ ಬಿದ್ದರೆ ಸಿಗಲಾರದು.

ರೈತರು ಮಾಡಬೇಕಾದುದು

ಸಮುದ್ರದ ದಾರಿ ತೆರೆಯುವುದು ನಮ್ಮಿಂದ ಆಗದು. ಆದರೆ ತಡವಾಗುವ ದಿನಗಳಲ್ಲಿ ಕೆಲವು ಬಂದರಿನಲ್ಲಿ ಹುಟ್ಟಿದರೆ ಕೆಲವು ತೋಟದಲ್ಲಿಯೇ, ಪ್ಯಾಕ್‌ಹೌಸಿನಲ್ಲಿಯೇ ಹುಟ್ಟುತ್ತವೆ. ಅವನ್ನು ತಪ್ಪಿಸುವುದು ನಮ್ಮ ಕೈಯಲ್ಲಿದೆ.

1. ಕೊಯ್ಲಿಗೆ ಮೊದಲು ರಫ್ತುದಾರನನ್ನು ಕೇಳಬೇಕಾದುದು ದರವೊಂದೇ ಅಲ್ಲ. ಯಾವ ಹಡಗು, ಕಟ್-ಆಫ್ ಯಾವ ದಿನ, ಖಾಲಿ ಕಂಟೇನರು ಸಿಕ್ಕಿದೆಯೋ ಇಲ್ಲವೋ ಕೇಳಿರಿ. ಉತ್ತರ ಬಾರದಿದ್ದರೆ ಹಣ್ಣು ಬಳ್ಳಿಯಲ್ಲಿಯೇ ಇರಲಿ. ಬಳ್ಳಿಯ ಮೇಲಿನ ಎರಡು ದಿನಕ್ಕಿಂತ ಲಾರಿಯಲ್ಲಿನ ಎರಡು ದಿನ ಕೆಟ್ಟದ್ದು.

2. ಕಾಗದಗಳು ಲಾರಿಗಿಂತ ಮುಂಚೆ ಹೋಗಲಿ. ಯೂರೋಪಿನ ದ್ರಾಕ್ಷಿಗೆ ತೋಟದ ನೋಂದಣಿ, ಔಷಧಿಯ ಉಳಿಕೆ ಪರೀಕ್ಷೆಯ ವರದಿ, ಅಗ್‌ಮಾರ್ಕ್ ಪತ್ರ, ಸಸ್ಯ ಆರೋಗ್ಯ ಪತ್ರ ಇವು ಬೇಕು. ಎಲ್ಲದರಲ್ಲಿಯೂ ಹೆಸರು, ಪೆಟ್ಟಿಗೆಗಳ ಲೆಕ್ಕ, ತೂಕ ಒಂದೇ ಇರತಕ್ಕದ್ದು. ಒಂದು ಅಂಕಿ ತಪ್ಪಿದರೂ ಬ್ರೋಕರ್ ಅದನ್ನು ತಿದ್ದಿಸುವಷ್ಟರಲ್ಲಿ ಗೇಟು ಮುಚ್ಚಬಹುದು.

3. ತೂಕವನ್ನು ಅಂದಾಜಿನಿಂದ ಬರೆಯಬೇಡಿ. 2016ರ ಜುಲೈ 1ರಿಂದ ಎಲ್ಲ ದೇಶಗಳಲ್ಲಿಯೂ ತುಂಬಿದ ಕಂಟೇನರಿನ ತೂಕವನ್ನು ಖಚಿತಪಡಿಸಿ ಹಡಗಿನವರಿಗೆ ತಿಳಿಸದ ಹೊರತು ಅದನ್ನು ಹತ್ತಿಸುವಂತಿಲ್ಲ.

4. ಕೊಯ್ದ ಹಣ್ಣನ್ನು ಅಂದೇ ತಣ್ಣಗೆ ಮಾಡಿರಿ. ಕಂಟೇನರಿನೊಳಗೆ ಉಷ್ಣತೆ ಬರೆದುಕೊಳ್ಳುವ ಯಂತ್ರ ಇಡಿಸಿರಿ. ಹಣ್ಣು ಕೆಟ್ಟಾಗ ದೋಷ ತೋಟದ್ದೋ ದಾರಿಯದ್ದೋ ಎಂಬ ವಾದಕ್ಕೆ ಅದೇ ಸಾಕ್ಷಿ.

5. ಕರಾರು ಬರವಣಿಗೆಯಲ್ಲಿರಲಿ. ಹಡಗು ತಡವಾದರೆ ಡಿಟೆನ್ಶನ್, ಡೆಮರೇಜ್, ಕರೆಂಟಿನ ಬಿಲ್ಲು ಯಾರದು ಎಂದು ಮುಂಚೆಯೇ ಬರೆಸಿರಿ. ಖರ್ಚು ಕಡಿದರೆ ಮೂಲ ಬಿಲ್ಲಿನ ಪ್ರತಿ ಕೇಳಿರಿ. ಬಿಲ್ಲಿನಲ್ಲಿ ತಾರೀಖು ಇರುತ್ತದೆ, ತಾರೀಖಿನಿಂದ ತಪ್ಪು ಯಾರದೆಂದು ತಿಳಿಯುತ್ತದೆ.

6. ಇಡೀ ತೋಟವನ್ನು ಒಂದೇ ದಾರಿಗೆ ಒಡ್ಡಬೇಡಿ. ಒಂದಿಷ್ಟು ಸ್ಥಳೀಯ ಪೇಟೆಗೆ, ಒಂದಿಷ್ಟು ಒಣದ್ರಾಕ್ಷಿಗೆ ಎಂದು ಇಟ್ಟುಕೊಂಡವರಿಗೆ ಹಡಗು ನಿಂತ ವರ್ಷ ನೆಲೆ ಪೂರ್ತಿ ತಪ್ಪುವುದಿಲ್ಲ. ತಾಸಗಾಂವ, ಸಾಂಗಲಿಗಳ ಒಣದ್ರಾಕ್ಷಿ ಪೇಟೆ ನಮಗೆ ದೂರವಲ್ಲ.

ರೈತರ ಕಂಪನಿಗಳು ತಾವೇ ರಫ್ತು ಮಾಡಹೊರಟರೆ ಇನ್ನೊಂದು ಮಾತು ಸೇರಿಸಬೇಕು. ಬ್ರೋಕರನನ್ನೂ ಫಾರ್ವರ್ಡರನನ್ನೂ ಆರಿಸುವಾಗ ಎಲ್ಲರಿಗಿಂತ ಕಡಿಮೆ ಫೀ ಕೇಳಿದವನನ್ನೇ ಹಿಡಿಯುವುದು ಲಾಭವಲ್ಲ. ಲೈಸೆನ್ಸು ನೋಡಿರಿ, ತಂಪು ಕಂಟೇನರಿನ ಕೆಲಸ ಹಿಂದೆ ಮಾಡಿದ್ದಾನೋ ಕೇಳಿರಿ, ಹಡಗು ತಪ್ಪಿದ ದಿನ ಅವನಾಗಿಯೇ ಫೋನು ಮಾಡಿ ತಿಳಿಸುವವನೋ ಎಂದು ಅವನ ಹಳೆಯ ಗಿರಾಕಿಗಳಿಂದ ವಿಚಾರಿಸಿರಿ. ಕೆಟ್ಟ ಸುದ್ದಿಯನ್ನು ಬೇಗ ಹೇಳುವ ಏಜೆಂಟನೇ ಒಳ್ಳೆಯ ಏಜೆಂಟ. ಮರೆಮಾಚುವವನ ಕೈಯಲ್ಲಿ ಬಿಲ್ಲೂ ಬೆಳೆಯುತ್ತದೆ, ಹಣ್ಣೂ ಕೊಳೆಯುತ್ತದೆ.

ಬಂದರುಗಳು ಬೆಳೆಯುತ್ತಿವೆ. ಪಾಲಘರ ಜಿಲ್ಲೆಯ ವಾಢವಣದಲ್ಲಿ ಹೊಸ ದೊಡ್ಡ ಬಂದರಿಗೆ 2024ರ ಆಗಸ್ಟ್ 30ರಂದು ಶಂಕುಸ್ಥಾಪನೆಯಾಗಿದೆ. ಆದರೆ ಕಾಲುವೆ ಎಷ್ಟು ಅಗಲವಾದರೂ ನೀರಿನ ಪಾಳಿ ತಿಳಿಯದವನ ಹೊಲ ಒಣಗುವುದು ತಪ್ಪದು. ಬಂದರಿಗೂ ಒಂದು ಪಾಳಿಯಿದೆ. ಬರುವ ಸುಗ್ಗಿಗೆ ಕತ್ತರಿ ಹಿಡಿಯುವ ಮುನ್ನ ನಮ್ಮ ರೈತರು ಆ ಪಾಳಿಯ ದಿನವನ್ನು ಕೇಳಿ, ಬರೆದಿಟ್ಟುಕೊಂಡು, ಅದಕ್ಕೆ ಸರಿಯಾಗಿ ಕೊಯ್ಲು ಹೂಡಲೆಂದು ನಮ್ಮ ವಿನಂತಿ.